ಪ್ಲೇಗ್ ಶಿಬಿರದ ವೈದ್ಯ ಡಾ. ಪಲ್ಪು

ತಿರುವನಂತಪುರದಲ್ಲಿ 1863ರ ನವೆಂಬರ್ 2ರಂದು ಈಳವ ಕುಟುಂಬದಲ್ಲಿ ಜನಿಸಿದ ಡಾ. ಪಲ್ಪು ಅವರು ಮದ್ರಾಸಿನಲ್ಲಿ ವೈದ್ಯಕೀಯ ಶಿಕ್ಷಣ ಪೂರೈಸಿ ಊರಿಗೆ ಮರಳಿದರು. ಆದರೆ ಜಾತಿಯ ಕಾರಣದಿಂದ ತಿರುವಾಂಕೂರು ಸಂಸ್ಥಾನ ಅವರಿಗೆ ಸರ್ಕಾರಿ ಹುದ್ದೆ ನಿರಾಕರಿಸಿತು. ತವರಿನ ಬಾಗಿಲು ಮುಚ್ಚಿದಾಗ ಆಶ್ರಯ ನೀಡಿದ್ದು ಮೈಸೂರು ಸಂಸ್ಥಾನ. ಬೆಂಗಳೂರು ಅವರ ಕರ್ಮಭೂಮಿಯಾಯಿತು. ಪುತ್ರ ನಟರಾಜ ಗುರು ಹುಟ್ಟಿದ್ದೂ ಇಲ್ಲೇ, 1895ರಲ್ಲಿ.

1898ರಲ್ಲಿ ಪ್ಲೇಗ್ ಮಹಾಮಾರಿ ಬೆಂಗಳೂರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆ ಮತ್ತು ದಂಡು ಪ್ರದೇಶಗಳಲ್ಲಿ ಜನರು ಸಾವಿಗೀಡಾದರು. ಪಲ್ಪು ಅವರು ಪ್ಲೇಗ್ ಶಿಬಿರದ ಹೊಣೆ ಹೊತ್ತು, ಸ್ವಂತ ಪ್ರಾಣದ ಹಂಗು ತೊರೆದು ರೋಗಿಗಳ ನಡುವೆ ದುಡಿದರು.

ಚಿಗಟದ ಕಡಿತದಿಂದ ದೇಹ ಸೇರುವ ರೋಗಾಣು ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯಲ್ಲಿ ಅತೀವ ನೋವಿನ ಗಡ್ಡೆ ಮೂಡಿಸುತ್ತದೆ. ಜೊತೆಗೆ ಚಳಿಜ್ವರ, ನಿತ್ರಾಣ. ರೋಗಾಣು ಪತ್ತೆಯಾಗಿದ್ದು 1894ರಲ್ಲಿ. ಅದನ್ನು ಮಣಿಸುವ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅಂದಿನ ವೈದ್ಯರಿಗಿದ್ದ ಅಸ್ತ್ರಗಳು ಬೇಗ ಗುರುತಿಸುವುದು, ಪ್ರತ್ಯೇಕಿಸುವುದು, ಮನೆ ತೆರವುಗೊಳಿಸುವುದು ಹಾಗೂ ಹೊಸದಾಗಿ ಬಂದಿದ್ದ ಹಾಫ್ಕಿನ್ ಲಸಿಕೆ ಮಾತ್ರ. ಶಿಬಿರಕ್ಕೆ ಹೆದರಿದ ಕುಟುಂಬಗಳು ರೋಗಿಗಳನ್ನು ಬಚ್ಚಿಡುತ್ತಿದ್ದವು. ಹೀಗೆ ಕಳೆದುಹೋದ ಸಮಯವೇ ಮೃತ್ಯುವಿಗೆ ದಾರಿಯಾಗುತ್ತಿತ್ತು.

ಈ ಪಾಠ ಇಂದಿಗೂ ಪ್ರಸ್ತುತ. ಚರ್ಮದಡಿಯ ಅಂಗಾಂಶವನ್ನು ಕೊಳೆಸುವ ತೀವ್ರ ಸೋಂಕು ಆರಂಭದಲ್ಲಿ ಸಾಮಾನ್ಯ ಬಾವಿನಂತೆಯೇ ಕಾಣುತ್ತದೆ. ಗಾಯಕ್ಕೆ ಹೊಂದದಷ್ಟು ನೋವು, ಬೇಗನೆ ಹರಡುವ ಕೆಂಪು, ಬಣ್ಣಗೆಡುವ ಚರ್ಮ, ನೀರ್ಗುಳ್ಳೆ, ಜ್ವರ ಅಥವಾ ಮಂಕು ಕವಿಯುವಿಕೆ ಕಂಡರೆ, ವಿಶೇಷವಾಗಿ ಮಧುಮೇಹಿಗಳು, ತಕ್ಷಣ ತುರ್ತು ಚಿಕಿತ್ಸಾ ಘಟಕಕ್ಕೆ ಧಾವಿಸಬೇಕು. ಕೊಳೆತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯದೆ ಔಷಧವೊಂದೇ ಸಾಲದು. ಇಲ್ಲಿ ಲೆಕ್ಕಕ್ಕೆ ಬರುವುದು ದಿನಗಳಲ್ಲ, ಗಂಟೆಗಳು.

ಪಲ್ಪು ಅವರು ಸಾಮಾಜಿಕ ವ್ಯಾಧಿಯ ವಿರುದ್ಧವೂ ಹೋರಾಡಿದರು. 1891ರ ಮಲಯಾಳಿ ಮನವಿಗೆ ಸಹಿ ಹಾಕಿದ ಅವರು, 1896ರಲ್ಲಿ 13 ಸಾವಿರಕ್ಕೂ ಅಧಿಕ ಈಳವರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿಗೆ ಸಲ್ಲಿಸಿದರು. 1903ರಲ್ಲಿ ನಾರಾಯಣ ಗುರುಗಳ ನೇತೃತ್ವದಲ್ಲಿ ರೂಪುಗೊಂಡ ಎಸ್‌ಎನ್‌ಡಿಪಿ ಯೋಗಂ ಹಿಂದಿನ ಪ್ರೇರಕ ಶಕ್ತಿಯೂ ಅವರೇ. 1950ರ ಜನವರಿ 25ರಂದು, ಭಾರತ ಗಣರಾಜ್ಯವಾಗುವ ಮುನ್ನಾದಿನ, ಅವರು ಕೊನೆಯುಸಿರೆಳೆದರು.

ಪ್ಲೇಗ್ ಹಾವಳಿಯ ಬಳಿಕ ದಂಡು ಪ್ರದೇಶದ ದಟ್ಟಣೆ ತಗ್ಗಿಸಲು ತಲೆಯೆತ್ತಿದ ಫ್ರೇಜರ್ ಟೌನ್ ಆ ಕರಾಳ ದಿನಗಳ ಕುರುಹಾಗಿ ಇಂದಿಗೂ ಉಳಿದಿದೆ. ತವರು ಬೇಡವೆಂದ ವೈದ್ಯನೊಬ್ಬ ಈ ನಗರಕ್ಕೆ ಸಲ್ಲಿಸಿದ ಸೇವೆಯೂ ಅಷ್ಟೇ ಸ್ಮರಣೀಯ.