ಕೈಗಾ, ಕಾರಂತರು ಮತ್ತು ನನ್ನ ಮಾತ್ರೆ

ಬಿಳೇಕಹಳ್ಳಿಯ ಪಿ.ಜಿ.ಯಲ್ಲಿದ್ದು ಕೆಲಸ ಹುಡುಕುತ್ತಿದ್ದೇನೆ. ಊರು ಕಾರವಾರದ ಕಡೆ. ಕಳೆದ ವರ್ಷ ಥೈರಾಯ್ಡ್ ತೊಂದರೆ ಗೊತ್ತಾದಾಗ ಅಮ್ಮ ಮೊದಲು ಕೇಳಿದ್ದು, ಇದು ಕೈಗಾದಿಂದ ಬಂತೇ ಎಂದು. ಕೇಳಲು ನಾಚಿ ವೈದ್ಯರ ಬಳಿ ಬಾಯಿ ಬಿಡಲಿಲ್ಲ. ಹೆದರಿಕೆಯಲ್ಲಿ ಎರಡು ತಿಂಗಳು ಮಾತ್ರೆಯನ್ನೂ ಬಿಟ್ಟೆ. ಸುಸ್ತು, ಮರೆವು, ಎರಡು ಸಂದರ್ಶನ ಕೈತಪ್ಪಿದವು.

ಆಗ ಓದಿದ್ದು ಶಿವರಾಮ ಕಾರಂತರ ಬದುಕನ್ನು. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಅವರು ಗಾಂಧೀಜಿಯ ಅಸಹಕಾರ ಚಳವಳಿಗಾಗಿ ಕಾಲೇಜು ಬಿಟ್ಟರು. ಕೈಯಲ್ಲಿ ಡಿಗ್ರಿ ಇರಲಿಲ್ಲ. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟರು. ಮಕ್ಕಳಿಗೆ ಮೂರು ಸಂಪುಟಗಳ ಬಾಲ ಪ್ರಪಂಚ, ದೊಡ್ಡವರಿಗೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬರೆದರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದರು.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿತು. ವಿಕಿರಣ ಸೂಸುವ ಅಯೋಡಿನ್ ಹುಲ್ಲಿಗೆ, ಹಸುವಿಗೆ, ಹಾಲಿಗೆ ಇಳಿಯಿತು. ಒಳ್ಳೆಯ ಅಯೋಡಿನ್ ಯಾವುದು, ಕೆಟ್ಟದ್ದು ಯಾವುದೆಂದು ಥೈರಾಯ್ಡ್ ಗ್ರಂಥಿಗೆ ತಿಳಿಯದು. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಕೆಲವು ವಾರ ಆ ಹಾಲು ಬಿಟ್ಟಿದ್ದರೂ ಎಷ್ಟೋ ಮಕ್ಕಳು ಪಾರಾಗುತ್ತಿದ್ದರು. ಅವರಿಗೆ ಹೇಳಬೇಕಾದವರು ತಡ ಮಾಡಿದರು. ಮುಂದೆ ಸಾವಿರಾರು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಬಹುತೇಕರು ಚಿಕಿತ್ಸೆಯಿಂದ ಉಳಿದರು.

ಕಾಳಿ ನದಿಯ ಕಾಡಿನ ನಡುವೆ ಕೈಗಾ ಸ್ಥಾವರ ಬರುವಾಗ ಕಾರಂತರು ವಿರೋಧಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಇದೇ ಕಾರಣಕ್ಕೆ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟ್ ಕುಸಿಯಿತು; ಆಗಿನ್ನೂ ಒಳಗೆ ಇಂಧನವಿರಲಿಲ್ಲ. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. 2000ದಲ್ಲಿ ಕೈಗಾ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿತು. ಚೆರ್ನೋಬಿಲ್‌ನಂಥ ದುರಂತ ಅಲ್ಲಿ ಆಗಿಲ್ಲ. ಹಾಗೆಂದು ಅವರ ಪ್ರಶ್ನೆ ವ್ಯರ್ಥವೆಂದು ನನಗನಿಸುವುದಿಲ್ಲ.

ಆ ಮುದುಕರು ಇಡೀ ಸರ್ಕಾರವನ್ನೇ ಕೇಳಿದ್ದರು. ನಾನು ಒಬ್ಬ ವೈದ್ಯರನ್ನು ಕೇಳಲಾರೆನೇ? ಹೋಗಿ ಕೇಳಿದೆ. ನನ್ನದು ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದ ಕಾಯಿಲೆ, ಯುವತಿಯರಲ್ಲಿ ಸಾಮಾನ್ಯ, ಕೈಗಾಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವರದಿ ತೋರಿಸಿ ವಿವರಿಸಿದರು. ಅಮ್ಮನಿಗೂ ಫೋನ್ ಮಾಡಿ ಹೇಳಿದೆ.

ಈಗ ದಿನವೂ ಖಾಲಿ ಹೊಟ್ಟೆಗೆ ಮಾತ್ರೆ ತಪ್ಪಿಸುವುದಿಲ್ಲ. ಸೋಮವಾರ ಇನ್ನೊಂದು ಸಂದರ್ಶನವಿದೆ.