ದಾನಚಿಂತಾಮಣಿ ಅತ್ತಿಮಬ್ಬೆ: ಶಕ್ತಿಯರಿತ ತ್ಯಾಗ

ದಾನವು ಶ್ರಾವಕರ ಷಟ್ಕರ್ಮಗಳಲ್ಲಿ ಒಂದು. ಆದರೂ ಷೋಡಶಕಾರಣ ಭಾವನೆಗಳನ್ನು ಹೇಳುವಲ್ಲಿ ಆಚಾರ್ಯರು ತ್ಯಾಗಕ್ಕೂ ತಪಸ್ಸಿಗೂ ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಿರುವರು. ಇರುವ ಶಕ್ತಿಯನ್ನು ಮರೆಮಾಚಲಾಗದು, ಅದನ್ನು ಮೀರಿ ಕುಸಿಯಲೂ ಆಗದು. ಈ ತತ್ತ್ವವನ್ನು ಬಾಳಿ ತೋರಿದ ಮಹಾಶ್ರಾವಿಕೆ ಅತ್ತಿಮಬ್ಬೆ.

ವೆಂಗಿನಾಡಿನ ಜಿನಭಕ್ತ ಮನೆತನದ ಮಲ್ಲಪಯ್ಯನ ಮಗಳಾದ ಆಕೆಯು, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಇಮ್ಮಡಿ ತೈಲಪನ (973-997) ಮಂತ್ರಿಯಾಗಿದ್ದ ದಲ್ಲಪನ ಮಗ ನಾಗದೇವನನ್ನು ವರಿಸಿದಳು. ತಂಗಿ ಗುಂಡಮಬ್ಬೆಯೂ ಅವನನ್ನೇ ಕೈಹಿಡಿದಳು. ನಾಗದೇವನು ಅಕಾಲದಲ್ಲಿ ಮೃತನಾದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯ ಮಡಿಲಲ್ಲಿ ಮಗ ಅಣ್ಣಿಗದೇವನಿದ್ದನು. ಆಕೆ ಬದುಕುವ ದಾರಿಯನ್ನು ಆರಿಸಿಕೊಂಡಳು. ಒಂದೇ ದಿನದಲ್ಲಿ ಮುಗಿಯುವ ತ್ಯಾಗಕ್ಕಿಂತ ದಿನದಿನವೂ ನಡೆಸಬೇಕಾದ ತ್ಯಾಗವು ಕಠಿನವಾದುದು. ಮಗನ ಪಾಲನೆಯನ್ನೂ ವ್ರತನಿಯಮಗಳನ್ನೂ ದಾನಧರ್ಮವನ್ನೂ ಆಕೆ ಜೊತೆಜೊತೆಯಾಗಿ ನಡೆಸಿದಳು.

ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳೆಂದು ಪ್ರಸಿದ್ಧಿಯಿದೆ. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ಪೂರ್ಣಗೊಳಿಸಿದನು. ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಬಸದಿಯನ್ನು ಕಟ್ಟಿಸಿದಳು. 1007ರ ಶಾಸನವು ಅದಕ್ಕೆ ಸಾಕ್ಷಿ. ಬಸದಿಯನ್ನು ಕಟ್ಟಿಸಿದ್ದಕ್ಕೇ ನಿಲ್ಲದೆ ಅದರ ನಿರ್ವಹಣೆಗೆ ಭೂಮಿಯನ್ನೂ ದತ್ತಿಯಾಗಿ ಬಿಟ್ಟಳು. ಇಲ್ಲಿ ಆಕೆಯ ವಿವೇಕವು ಕಾಣುತ್ತದೆ. ಪ್ರತಿ ಓಲೆಯನ್ನೂ ತಾನೇ ಬರೆಯಲಿಲ್ಲ, ಲಿಪಿಕಾರರಿಗೆ ವಹಿಸಿದಳು. ನಿತ್ಯದ ಪೂಜೆಯ ವೆಚ್ಚವನ್ನು ತನ್ನೊಬ್ಬಳ ಹೆಗಲಿಗೆ ಕಟ್ಟಿಕೊಳ್ಳಲಿಲ್ಲ, ಭೂಮಿಯ ಫಲಕ್ಕೆ ಒಪ್ಪಿಸಿದಳು. ದಾನಿಯು ದಣಿದರೂ ದಾನವು ನಿಲ್ಲದಂತಹ ವ್ಯವಸ್ಥೆಯಿದು.

ಉಪವಾಸದಲ್ಲಿಯೂ ಇದೇ ಕ್ರಮ. ಬೆಳ್ಗೊಳದ ಗೊಮ್ಮಟನ ದರ್ಶನವಾಗುವವರೆಗೆ ಆಹಾರವನ್ನು ಮುಟ್ಟೆನೆಂದು ಆಕೆ ನಿಯಮ ಹಿಡಿದಳೆಂದೂ, ಬೆಟ್ಟವನ್ನೇರಿ ಬಳಲಿದಾಗ ಅಕಾಲದ ಮಳೆ ಸುರಿದು ತಂಪಾಯಿತೆಂದೂ ಪರಂಪರೆಯು ಹೇಳುತ್ತದೆ. ಆ ವ್ರತಕ್ಕೊಂದು ಅವಧಿಯಿತ್ತು, ದರ್ಶನವಾದೊಡನೆ ಪಾರಣೆಯಿತ್ತು. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ ಎಂಬ ಭೇದವನ್ನು ಶಾಸ್ತ್ರಕಾರರು ಮಾಡಿರುವುದು ಸುಮ್ಮನೆ ಅಲ್ಲ.

ನಮ್ಮ ಮನೆಗಳಲ್ಲಿ ದಶಲಕ್ಷಣ ಪರ್ವ ಬಂದಾಗ ತಾಯಂದಿರು ತಾವು ಉಪವಾಸವಿದ್ದು, ಬಂದವರಿಗೆಲ್ಲ ಅಡುಗೆ ಮಾಡಿ, ಬಸದಿಯ ಕೆಲಸವನ್ನೂ ಹೊತ್ತು, ಪರ್ವ ಮುಗಿಯುವಷ್ಟರಲ್ಲಿ ಹಾಸಿಗೆ ಹಿಡಿಯುವುದುಂಟು. ಬಳಲಿಕೆಯಿಂದ ಮನಸ್ಸು ಕಹಿಯಾದರೆ, ಕೊಟ್ಟ ಕೈಯೇ ಪಡೆದವರನ್ನು ದೂರತೊಡಗಿದರೆ, ದಾನದ ಫಲವು ಕ್ಷೀಣಿಸುವುದು. ಆದುದರಿಂದ ವ್ರತವನ್ನು ಕೈಗೊಳ್ಳುವ ಮೊದಲೇ ಎಷ್ಟು ದಿನ, ಎಷ್ಟು ದ್ರವ್ಯ, ಎಷ್ಟು ದುಡಿಮೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮನೆಯ ಇತರರು ಕೆಲಸವನ್ನು ಹಂಚಿಕೊಳ್ಳಬೇಕು; ಅದೂ ಒಂದು ದಾನವೇ.

ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡಂತೆ ಕೊಡುವುದಕ್ಕೂ ಒಂದು ಅಳತೆಯಿರಲಿ. ಅಳತೆಯಿಂದ ಕೊಟ್ಟ ಅತ್ತಿಮಬ್ಬೆಯ ಹೆಸರು ಸಾವಿರ ವರ್ಷಗಳ ಬಳಿಕವೂ ಬಾಡಿಲ್ಲ.