ರಂಗನತಿಟ್ಟಿಗೆ ಹೋಗುವ ಮುನ್ನ: ಸಲೀಂ ಅಲಿ ಅವರ ಬದುಕು

ಪ್ರಥಮ ಪಿಯುಸಿ ವಿಜ್ಞಾನ ವಿಭಾಗದವರನ್ನು ವರ್ಷಕ್ಕೊಂದು ದಿನ ಶ್ರೀರಂಗಪಟ್ಟಣಕ್ಕೂ ರಂಗನತಿಟ್ಟಿಗೂ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸತ್ಯಮಂಗಲದಿಂದ ಬೆಳಗಿನ ಜಾವ ಹೊರಟು ಕುಣಿಗಲ್, ನಾಗಮಂಗಲ, ಪಾಂಡವಪುರ ದಾಟಿದರೆ ಕಾವೇರಿ ಸಿಗುತ್ತಾಳೆ. ಗುಂಬಜ್, ದರಿಯಾ ದೌಲತ್ ಬಗ್ಗೆ ಹೇಳುವುದಕ್ಕೆ ಇತಿಹಾಸದ ಉಪನ್ಯಾಸಕರು ಜೊತೆಗಿರುತ್ತಾರೆ, ನಿಮಗೂ ಸಾಕಷ್ಟು ಗೊತ್ತಿರುತ್ತದೆ. ರಂಗನತಿಟ್ಟಿನ ಗೇಟಿನ ಬಳಿ ಬಸ್ಸು ಇಳಿದ ಕೂಡಲೇ ಮಾತ್ರ ನಾನೊಂದು ಪ್ರಶ್ನೆ ಕೇಳುತ್ತೇನೆ: ಈ ಜಾಗ ಪಕ್ಷಿಧಾಮವಾಗಲು ಕಾರಣ ಯಾರು? ಹೆಚ್ಚಿನವರು ಮೈಸೂರು ಮಹಾರಾಜರು ಎನ್ನುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಮುಂಬೈಯಿಂದ ಬಂದ ಒಬ್ಬ ತೆಳ್ಳನೆಯ ಮನುಷ್ಯ. ಅವರು 1987ರಲ್ಲಿ ತೀರಿಕೊಂಡರು, ಅಂದರೆ ನೀವು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ. ಹೋಗುವ ಮುಂಚೆ ಅವರ ಪರಿಚಯ ಇರಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯ ಬೋಹ್ರಾ ಮುಸ್ಲಿಂ ಕುಟುಂಬದಲ್ಲಿ, ಮಕ್ಕಳಲ್ಲಿ ಕೊನೆಯವರಾಗಿ. ವರ್ಷ ತುಂಬುವಷ್ಟರಲ್ಲಿ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮಕ್ಕಳನ್ನು ಸಾಕಿದರು. ಈ ಮಾಮೂಗೆ ಬೇಟೆಯ ಹುಚ್ಚು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ನಮ್ಮ ಕಡೆ ಹುಡುಗರು ಕ್ಯಾಟರ್‌ಬಿಲ್ಲು ಹಿಡಿದು ತಿರುಗುವ ವಯಸ್ಸಿನಲ್ಲಿ ಸಲೀಂ ಗುಬ್ಬಚ್ಚಿ ಹೊಡೆಯುತ್ತಿದ್ದ.

ಒಂದು ದಿನ ಹೊಡೆದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು, ಸಾರು ಚೆಲ್ಲಿ ಕಲೆಯಾದ ಹಾಗೆ. ಇದನ್ನು ಮುಸ್ಲಿಮರು ತಿನ್ನಬಹುದೋ ಬಾರದೋ ಎಂಬ ಅನುಮಾನ ಹುಟ್ಟಿ ಹುಡುಗ ಮಾಮೂ ಹತ್ತಿರ ಓಡಿದ. ಮಾಮೂಗೂ ಹಕ್ಕಿಯ ಗುರುತು ಹತ್ತಲಿಲ್ಲ. ಪರಿಚಯದ ಪತ್ರ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಇಂಗ್ಲಿಷ್ ದೊರೆಯ ಬಳಿಗೆ ಕಳಿಸಿದರು. ಇದು ನಡೆದದ್ದು 1908ರಲ್ಲಿ. ಹನ್ನೆರಡರ ಆಸುಪಾಸಿನ ಹುಡುಗ, ಕೈಯಲ್ಲಿ ಸತ್ತ ಗುಬ್ಬಿ. ಮಿಲ್ಲರ್ಡ್ ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸಬಹುದಿತ್ತು. ಬದಲಿಗೆ ಹಕ್ಕಿಯ ಜಾತಿ ಹೇಳಿ, ಬೀರುಗಳ ಒಂದೊಂದೇ ಖಾನೆ ಎಳೆದು, ಕೆಡದಂತೆ ಕಾಪಾಡಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿ, ಓದಲು ಪುಸ್ತಕವನ್ನೂ ಕೊಟ್ಟರು. ತಿನ್ನಬಹುದೇ ಎಂದು ಕೇಳಲು ಹೊರಟವನು ಇದು ಯಾವ ಹಕ್ಕಿ ಎಂದು ಕೇಳುವವನಾಗಿ ಮನೆಗೆ ಬಂದ.

ಇಲ್ಲಿಂದ ಮುಂದೆ ಎಲ್ಲ ಸಲೀಸಾಗಿತ್ತು ಎಂದುಕೊಳ್ಳಬೇಡಿ. ಓದಿನಲ್ಲಿ ಸಲೀಂ ಸಾಧಾರಣ. ಸೇಂಟ್ ಝೇವಿಯರ್ಸ್ ಕಾಲೇಜಿಗೆ ಸೇರಿದರು, ಗಣಿತ ಕಾಡಿತು, ಮೊದಲ ವರ್ಷಕ್ಕೇ ಕಾಲೇಜು ಬಿಟ್ಟು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ಮನೆಯವರ ವುಲ್ಫ್ರಾಂ ಗಣಿ ಮತ್ತು ಮರದ ವ್ಯಾಪಾರವಿತ್ತು. ಸುತ್ತಲೂ ಕಾಡು. ವ್ಯಾಪಾರಕ್ಕಿಂತ ಹಕ್ಕಿಗಳ ಕಡೆಗೇ ಗಮನ ಹೆಚ್ಚಿದ್ದಿರಬೇಕು. 1917ರಲ್ಲಿ ಮುಂಬೈಗೆ ಮರಳಿ ಲೆಕ್ಕಪತ್ರ, ವಾಣಿಜ್ಯ ಕಾನೂನು ಕಲಿತರು. ಜೊತೆಗೆ ಅದೇ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರದ ತರಗತಿಗೂ ಕೂತರು. 1918ರಲ್ಲಿ ತಹಮೀನಾ ಬೇಗಂ ಜೊತೆ ಮದುವೆಯಾಯಿತು.

ಪದವಿ ಇಲ್ಲದ್ದರಿಂದ ಝೂಲಾಜಿಕಲ್ ಸರ್ವೆಯಲ್ಲಿ ಕೆಲಸ ಸಿಗಲಿಲ್ಲ. ಪದವಿ ಇಲ್ಲದೆಯೂ ದೊಡ್ಡವರಾಗಬಹುದು ಎಂದು ಈ ಕಥೆಯಿಂದ ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆ ಒಂದು ಕಾಗದ ಇಲ್ಲದ್ದಕ್ಕೆ ಅವರು ವರ್ಷಗಟ್ಟಲೆ ಕೆಲಸವಿಲ್ಲದೆ ಅಲೆದರು. ಆದರೆ ಗಣಿತದಲ್ಲಿ ನಪಾಸಾದ ಹುಡುಗನನ್ನು ಎಲ್ಲದರಲ್ಲೂ ನಪಾಸು ಎಂದು ಬರೆದುಬಿಡುವ ಅವಸರ ನಮ್ಮ ಮನೆಗಳಲ್ಲೂ ಸ್ಟಾಫ್‌ ರೂಮಿನಲ್ಲೂ ಇದೆಯಲ್ಲ, ಅದಕ್ಕೂ ಈ ಕಥೆಯಲ್ಲಿ ಉತ್ತರ ಇದೆ.

1926ರಲ್ಲಿ ಕೊನೆಗೂ ಒಂದು ಕೆಲಸ ಸಿಕ್ಕಿತು: ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನ ಪ್ರಾಣಿ-ಪಕ್ಷಿ ವಿಭಾಗದಲ್ಲಿ ಗೈಡ್ ಉಪನ್ಯಾಸಕ. ಬಂದವರಿಗೆ, ಶಾಲಾ ಮಕ್ಕಳಿಗೆ, ಗಾಜಿನ ಪೆಟ್ಟಿಗೆಯೊಳಗಿನ ಪ್ರಾಣಿ-ಪಕ್ಷಿಗಳನ್ನು ವಿವರಿಸುವ ಕೆಲಸ. ಭಾರತದ ಅತಿ ದೊಡ್ಡ ಪಕ್ಷಿ ವಿಜ್ಞಾನಿ ಮೊದಲು ನಮ್ಮಂತೆ ಪ್ರವಾಸದ ಮಕ್ಕಳನ್ನು ಕಟ್ಟಿಕೊಂಡು ತಿರುಗಿದವರು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

1928ರಲ್ಲಿ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ವಿಜ್ಞಾನಿಯ ಕೈಕೆಳಗೆ ಕಲಿತರು. 1930ರಲ್ಲಿ ಮರಳಿ ಬಂದಾಗ ಹಣವಿಲ್ಲವೆಂದು ಮ್ಯೂಸಿಯಂನವರು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಗಂಡ-ಹೆಂಡತಿ ಸಮುದ್ರ ತೀರದ ಕಿಹೀಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸವಿಲ್ಲದ ಮನುಷ್ಯ ತಿಂಗಳುಗಟ್ಟಲೆ ಅವನ್ನೇ ನೋಡುತ್ತ ಕೂತರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿದರೆ ಉಳಿದದ್ದನ್ನು ಮುಗಿಸುತ್ತದೆ. ಆ ಹೆಣ್ಣು ಮೊಟ್ಟೆಯಿಟ್ಟು ಕೂತ ಮೇಲೆ ಇನ್ನೊಂದು ಗೂಡಿಗೆ ಕೈ ಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಇದನ್ನೆಲ್ಲ ಸರಿಯಾಗಿ ಬರೆದಿಟ್ಟದ್ದರಿಂದ ಅವರ ಹೆಸರು ಹೊರದೇಶಗಳಿಗೂ ಮುಟ್ಟಿತು. ನಮ್ಮ ತುಮಕೂರಿನ ಸುತ್ತ ಬಾವಿಯ ಮೇಲೆ ಬಾಗಿದ ಈಚಲು ಗರಿಗಳಲ್ಲಿ ಇದೇ ಗೂಡು ತೂಗಾಡುತ್ತದೆ. ಅದನ್ನು ಕಿತ್ತು ತಂದು ಶೋಕೇಸಿನಲ್ಲಿ ಇಡುವ ಮುಂಚೆ ಕೆಳಗೆ ಅರ್ಧ ಗಂಟೆ ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಆಮೇಲೆ ಅವರು ಹಿಡಿದ ದಾರಿ ವಿಚಿತ್ರ. ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ, ನಿಮ್ಮ ರಾಜ್ಯದ ಹಕ್ಕಿಗಳನ್ನೆಲ್ಲ ಲೆಕ್ಕ ಹಾಕಿಕೊಡುತ್ತೇನೆ ಎಂದು ಸಂಸ್ಥಾನಗಳ ಮುಂದೆ ಹೋದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಒಪ್ಪಿದವು. ತಹಮೀನಾ ಜೊತೆಗೇ ಇರುತ್ತಿದ್ದರು. ಸಿರಿವಂತರ ಮನೆಯ ಹೆಣ್ಣುಮಗಳು ಡೇರೆಯಲ್ಲಿ ಸಂಸಾರ ನಡೆಸಿದರು, ಹಕ್ಕಿ ನೋಡುವುದನ್ನೂ ಕಲಿತರು. 1939ರಲ್ಲಿ, ಸಣ್ಣದೆಂದುಕೊಂಡಿದ್ದ ಒಂದು ಶಸ್ತ್ರಚಿಕಿತ್ಸೆಯ ನಂತರ, ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಅದೇ ವರ್ಷದ ಕೊನೆಗೆ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ರಂಗನತಿಟ್ಟಿಗೆ ಬಂದದ್ದು ಅಂಥ ದುಃಖದಲ್ಲಿದ್ದ ಮನುಷ್ಯ ಎಂಬುದು ನೆನಪಿರಲಿ.

ಅವರು ಕಂಡ ನಡುಗಡ್ಡೆಗಳಿಗೆ ತಮ್ಮದೇ ಇತಿಹಾಸವಿದೆ. 1645-48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಗದ್ದೆಗಳಿಗೆ ನೀರುಣಿಸಲು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ನೀರು ನಿಂತು ತಿಟ್ಟುಗಳು ಉಳಿದವು, ಸುತ್ತ ನೀರಿದ್ದದ್ದರಿಂದ ಹಕ್ಕಿಗಳಿಗೆ ಅವು ಕೋಟೆಯಾದವು. ರೈತನಿಗೆ ಕಟ್ಟಿದ್ದು ಕೊಕ್ಕರೆಗೂ ಒದಗಿತು. ಸಾವಿರಾರು ಹಕ್ಕಿಗಳು ಇಲ್ಲಿ ಸಂಸಾರ ಮಾಡುವುದನ್ನು ನೋಡಿದ ಸಲೀಂ ಅಲಿ, ಈ ಜಾಗವನ್ನು ಕಾಪಾಡಬೇಕೆಂದು ಅರಮನೆಯ ಗಮನಕ್ಕೆ ತಂದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1941ರಲ್ಲಿ ಭಾರತದ ಹಕ್ಕಿಗಳ ಮೇಲಿನ ಅವರ ಪುಸ್ತಕ ಬಂತು, ಈಗಲೂ ಮಾರಾಟವಾಗುತ್ತಿದೆ. ಡಿಲನ್ ರಿಪ್ಲಿ ಜೊತೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು. ಪದ್ಮಭೂಷಣ, ಪದ್ಮವಿಭೂಷಣ ಬಂದವು, ಪದವಿಯಿಲ್ಲದವರಿಗೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು, 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಭರತಪುರ ಉಳಿಯಲು, ಕೇರಳದ ಸೈಲೆಂಟ್ ವ್ಯಾಲಿ ಮುಳುಗದಿರಲು ದನಿ ಎತ್ತಿದವರಲ್ಲಿ ಅವರೂ ಒಬ್ಬರು. 1987ರ ಜೂನ್ 20ರಂದು, ತೊಂಬತ್ತು ದಾಟಿದ ಮೇಲೆ, ಮುಂಬೈಯಲ್ಲಿ ಕಣ್ಣು ಮುಚ್ಚಿದರು.

ಪ್ರತಿ ವರ್ಷ ತರಗತಿಯಲ್ಲಿ ಯಾರಾದರೊಬ್ಬರು ಎದ್ದು ಕೇಳುತ್ತಾರೆ: ಸರ್, ಹಕ್ಕಿ ಉಳಿಸಿದವರು ಎನ್ನುತ್ತೀರಿ, ಅಷ್ಟೊಂದು ಹಕ್ಕಿ ಹೊಡೆದರಲ್ಲ? ನಿಜ, ಹೊಡೆದರು. ಆ ಕಾಲದ ಸಮೀಕ್ಷೆಯೆಂದರೆ ಬಂದೂಕು ಹಿಡಿದು ಮಾದರಿ ಸಂಗ್ರಹಿಸುವುದೇ ಆಗಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಈ ವಿಷಯದ ಮೇಲೆ ಬಸ್ಸಿನಲ್ಲಿ ವಾದ ಮಾಡುತ್ತ ಹೋಗೋಣ, ಕುಣಿಗಲ್‌ನಿಂದ ನಾಗಮಂಗಲದವರೆಗೆ ಅದಕ್ಕೆಂದೇ ಸಮಯವಿದೆ.

ಪರೀಕ್ಷೆ ಹತ್ತಿರ ಬರುವಾಗ ಒಂದು ದಿನ ಹಾಳು ಎಂದು ಈ ಸಲವೂ ಕೆಲವು ಪೋಷಕರು ಹೇಳಿದ್ದಾರೆ, ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವವರೂ ಇದ್ದಾರೆ. ಮಹಿಳಾ ಉಪನ್ಯಾಸಕರು ಜೊತೆಗೆ ಬರುತ್ತಾರೆ, ಮಗ್ರಿಬ್ ನಮಾಜಿಗೆ ದಾರಿಯಲ್ಲಿ ಬಸ್ಸು ನಿಲ್ಲುತ್ತದೆ, ರಾತ್ರಿ ಒಂಬತ್ತರೊಳಗೆ ಕಾಲೇಜಿಗೆ ಮರಳುತ್ತೇವೆ. ಈ ಪತ್ರಿಕೆಯನ್ನು ಮನೆಯಲ್ಲಿ ಓದಿ ಹೇಳಿ. ದೋಣಿಯಲ್ಲಿ ಗದ್ದಲ ಬೇಡ, ಮೊಸಳೆಗಳಿಗಿಂತ ಹಕ್ಕಿಗಳಿಗೆ ಅದರಿಂದ ತೊಂದರೆ. ಬೈನಾಕ್ಯುಲರ್ ಎರಡೇ ಇರುವುದರಿಂದ ಸರದಿಯಲ್ಲಿ ನೋಡಬೇಕು. ನೋಟ್‌ಬುಕ್ಕು, ಪೆನ್ಸಿಲ್ಲು ಎಲ್ಲರೂ ತನ್ನಿ. ಪೆನ್ನಾದರೆ ನೀರು ಬಿದ್ದು ಅಳಿಸಿಹೋಗುತ್ತದೆ.